ಟೆಕ್ ನಾಯಕರ ಪ್ರಶಸ್ತಿಗೆ ನಾಮಿನೇಷನ್ ಹಾಕುವುದು ಹೇಗೆ? ಪುಣೆ, ಮುಂಬೈ ಕನ್ನಡಿಗರಿಗೆ ಹಂತ ಹಂತದ ಮಾರ್ಗದರ್ಶಿ

ಪ್ರತಿ ವರ್ಷ ಪ್ರಶಸ್ತಿಗಳ ಪಟ್ಟಿ ಹೊರಬಿದ್ದ ವಾರ ನನಗೆ ಒಂದೇ ತರಹದ ಫೋನ್ ಬರುತ್ತದೆ. "ಅಣ್ಣಾ, ಈ ಸಲವೂ ಮೊದಲ ಸುತ್ತಿನಲ್ಲೇ ಹೋಯ್ತು. ಏನು ತಪ್ಪಾಯ್ತು ಅಂತಾನೇ ಗೊತ್ತಾಗ್ಲಿಲ್ಲ." ಪುಣೆಯ ಹಿಂಜವಡಿಯಿಂದ, ಖರಾಡಿಯಿಂದ, ಮುಂಬೈನ ಪೊವೈಯಿಂದ ಬರುವ ಫೋನ್‌ಗಳು ಇವು. ಧಾರವಾಡ, ಬೆಳಗಾವಿ, ಕಲಬುರಗಿ, ಉಡುಪಿ ಕಡೆಯಿಂದ ಬಂದು ಇಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದವರು. ಕೆಲಸ ಗಟ್ಟಿಯಾಗಿಯೇ ಇರುತ್ತದೆ. ಫೈಲು ಮಾತ್ರ ಗಟ್ಟಿಯಾಗಿರುವುದಿಲ್ಲ.

ಅಂಥ ಫೈಲುಗಳನ್ನು ಬಹಳ ನೋಡಿದ್ದೇನೆ. ತಪ್ಪುಗಳು ಬೇರೆ ಬೇರೆ ಅಲ್ಲ, ಹೆಚ್ಚುಕಡಿಮೆ ಒಂದೇ. ಎಲ್ಲರೂ ಬರೆಯುವುದರಿಂದ ಶುರು ಮಾಡುತ್ತಾರೆ. ಫಾರಂ ತೆರೆಯುತ್ತಾರೆ, ಖಾಲಿ ಬಾಕ್ಸ್ ಕಾಣುತ್ತದೆ, ಹೊಗಳಿಕೆ ತುಂಬುತ್ತಾರೆ. ನನ್ನ ಪ್ರಕಾರ ಬರೆಯುವುದು ಕೊನೆಗೆ ಮಾಡಬೇಕಾದ ಕೆಲಸ. ಮೊದಲು ಪುರಾವೆ, ಆಮೇಲೆ ಪತ್ರಗಳು, ಆಮೇಲೆ ಬರವಣಿಗೆ. ಈ ಕ್ರಮ ತಪ್ಪಿದರೆ ಎಷ್ಟು ಚೆನ್ನಾಗಿ ಬರೆದರೂ ಅರ್ಜಿ ನಿಲ್ಲುವುದಿಲ್ಲ.

ಉದ್ಯಮ ಸಂಘಗಳು, ಪತ್ರಿಕೆಗಳು, ವಾಣಿಜ್ಯ ಮಂಡಳಿಗಳು ವರ್ಷಕ್ಕೊಮ್ಮೆ ಸಿಐಒ, ಸಿಟಿಒ (ಕಂಪನಿಯ ಮಾಹಿತಿ, ತಂತ್ರಜ್ಞಾನ ವಿಭಾಗಗಳ ಮುಖ್ಯಸ್ಥರು), ಪ್ರಾಡಕ್ಟ್ ಹೆಡ್, ಸ್ಟಾರ್ಟಪ್ ಸ್ಥಾಪಕರಿಗೆ ಕೊಡುವ ಪ್ರಶಸ್ತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಸರ್ಕಾರದ ಪ್ರಶಸ್ತಿಗಳಿಗೂ ಬಹುಪಾಲು ಹೊಂದುತ್ತದೆ.

## ಶುರು ಮಾಡುವ ಮೊದಲು ಏನೇನು ಬೇಕು

ಆರು ವಾರ ಸಮಯ ಬೇಕು. ಎರಡು ವಾರದಲ್ಲಿ ಆಗುತ್ತದೆ ಅಂತ ಹೇಳುವವರು ಇದ್ದಾರೆ, ಆದರೆ ಅಷ್ಟರಲ್ಲಿ ಪತ್ರ ಕೊಡಬೇಕಾದವರು ಪತ್ರ ಕೊಡುವುದಿಲ್ಲ.

ಸಾಮಾನು ಜಾಸ್ತಿ ಬೇಡ. ಒಂದು ಎಕ್ಸೆಲ್ ಅಥವಾ ಗೂಗಲ್ ಶೀಟ್. ಒಂದು ಫೋಲ್ಡರ್. ಫೋನಿನಲ್ಲಿ ಕಾಗದ ಸ್ಕ್ಯಾನ್ ಮಾಡುವ ಆ್ಯಪ್, ಮಾತು ರೆಕಾರ್ಡ್ ಮಾಡುವ ಆ್ಯಪ್. ಪಿಡಿಎಫ್ ಜೋಡಿಸಲು, ಗಾತ್ರ ಇಳಿಸಲು ಒಂದು ಸಾಫ್ಟ್‌ವೇರ್. ಕಂಪನಿಯ ಗುಟ್ಟಿನ ಕಾಗದಗಳನ್ನು ಸಿಕ್ಕ ಸಿಕ್ಕ ಉಚಿತ ವೆಬ್‌ಸೈಟಿಗೆ ಹಾಕಿ ಪಿಡಿಎಫ್ ಜೋಡಿಸಬೇಡಿ. ಕಂಪ್ಯೂಟರಿನಲ್ಲೇ ಇರುವ ಸಾಫ್ಟ್‌ವೇರ್ ಬಳಸಿ.

ಇನ್ನೊಬ್ಬ ಮನುಷ್ಯನೂ ಬೇಕು. ನಾಮಿನೇಷನ್ ಯಾರ ಹೆಸರಿನಲ್ಲಿದೆಯೋ ಅವರೇ ಕೂತು ಬರೆದರೆ ಒಂದೋ ಸಂಕೋಚ ಜಾಸ್ತಿಯಾಗುತ್ತದೆ, ಇಲ್ಲವೇ ಬಡಾಯಿ ಜಾಸ್ತಿಯಾಗುತ್ತದೆ. ಪ್ರಶ್ನೆ ಕೇಳುವ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಜೊತೆಗೆ ಕೂರಿಸಿಕೊಳ್ಳಿ.

## ಹಂತ 1: ಪ್ರಶಸ್ತಿ ನಿಜವೇ ಅಂತ ನೋಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಪಿಂಪಳೆ ಸೌದಾಗರ್‌ನಲ್ಲಿರುವ ನನ್ನ ಗೆಳೆಯರೊಬ್ಬರಿಗೆ ಒಂದು ಮಧ್ಯಾಹ್ನ ಫೋನ್ ಬಂತು. "ಈ ವರ್ಷದ ಅತ್ಯುತ್ತಮ ತಂತ್ರಜ್ಞಾನ ನಾಯಕರಾಗಿ ಆಯ್ಕೆಯಾಗಿದ್ದೀರಿ" ಎಂದರು. ಇವರು ಅರ್ಜಿಯನ್ನೇ ಹಾಕಿರಲಿಲ್ಲ. ವೇದಿಕೆ, ಟ್ರೋಫಿ, ಫೋಟೊ, ಪತ್ರಿಕೆಯಲ್ಲಿ ಒಂದು ಪುಟ, ಎಲ್ಲಾ ಸೇರಿ 1.5 ಲಕ್ಷ ರೂಪಾಯಿ. ಇವರು ಸ್ವಲ್ಪ ಹಿಂದೆಮುಂದೆ ನೋಡಿದ ಕೂಡಲೇ ಅರ್ಧ ಗಂಟೆಯಲ್ಲಿ 60 ಸಾವಿರಕ್ಕೆ ಇಳಿಸಿದರು. ಚೌಕಾಸಿ ಮಾಡಿ ಕೊಳ್ಳುವುದಕ್ಕೆ ಪ್ರಶಸ್ತಿ ಅನ್ನುವುದಿಲ್ಲ.

ಅಪಾಯದ ಗುರುತುಗಳು ಇವು:

- ನೀವು ಅರ್ಜಿ ಹಾಕದೆಯೇ "ಆಯ್ಕೆಯಾಗಿದ್ದೀರಿ" ಎಂಬ ಫೋನ್ ಅಥವಾ ಮೇಲ್ ಬರುತ್ತದೆ.
- ಗೆದ್ದ ಮೇಲೆ ಹಣ ಕೇಳುತ್ತಾರೆ. ಟೇಬಲ್ ಬುಕಿಂಗ್, ಬ್ರ್ಯಾಂಡಿಂಗ್ ಪ್ಯಾಕೇಜ್ ಎಂದು ಹೆಸರು ಬೇರೆ ಇಡುತ್ತಾರೆ.
- ತೀರ್ಪುಗಾರರು ಯಾರು ಎಂದು ಎಲ್ಲೂ ಹಾಕಿರುವುದಿಲ್ಲ.
- ಹಿಂದಿನ ವರ್ಷ ಒಂದೇ ವಿಭಾಗದಲ್ಲಿ ಮೂವತ್ತು ನಲವತ್ತು ಜನ ಗೆದ್ದಿರುತ್ತಾರೆ.
- "ಇವತ್ತು ಸಂಜೆಯೊಳಗೆ ಖಚಿತಪಡಿಸಿ" ಎಂದು ಅವಸರ ಮಾಡುತ್ತಾರೆ.

ಅರ್ಜಿ ಶುಲ್ಕ ಇದ್ದ ಮಾತ್ರಕ್ಕೆ ಪ್ರಶಸ್ತಿ ಸುಳ್ಳಲ್ಲ. ನಿಜವಾದ ಕೆಲವು ಪ್ರಶಸ್ತಿಗಳಿಗೂ ಶುಲ್ಕ ಇರುತ್ತದೆ. ಆದರೆ ಅದು ಎಲ್ಲರಿಗೂ ಒಂದೇ, ಮೊದಲೇ ಬರೆದಿರುತ್ತದೆ, ಗೆದ್ದರೂ ಸೋತರೂ ಬದಲಾಗುವುದಿಲ್ಲ. ಅನುಮಾನ ಇದ್ದರೆ ಹಿಂದಿನ ವರ್ಷ ಗೆದ್ದ ಒಬ್ಬರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ನೇರವಾಗಿ ಕೇಳಿ: "ಗೆದ್ದಿದ್ದೀರಿ ಅಂತ ಹೇಳಿದ ಮೇಲೆ ಹಣ ಕೇಳಿದರಾ?" ಹೆಚ್ಚಿನವರು ಮುಚ್ಚಿಡದೆ ಹೇಳುತ್ತಾರೆ.

ಒಟಿಪಿ, ಕಾರ್ಡ್ ನಂಬರ್ ಕೇಳಿದರೆ ಫೋನ್ ಇಡಿ. ಹಣ ಹೋಗಿಯೇ ಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

## ಹಂತ 2: ನಿಯಮ ಓದಿ, ಪೆನ್ ಹಿಡಿದು ಓದಿ

ನಿಯಮಗಳ ಪುಟವನ್ನು ಪ್ರಿಂಟ್ ತೆಗೆಯಿರಿ. ನಾಲ್ಕು ವಿಷಯಕ್ಕೆ ಗೆರೆ ಹಾಕಿ.

ಯಾರು ಹಾಕಬಹುದು. ತಮ್ಮ ಹೆಸರನ್ನು ತಾವೇ ಹಾಕಬಹುದೇ, ಬೇರೆಯವರೇ ಹಾಕಬೇಕೇ? ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ನಾಮಿನೇಷನ್ ಹಾಕಬಹುದು, ತಮ್ಮ ಹೆಸರನ್ನೂ ಹಾಕಿಕೊಳ್ಳಬಹುದು. ಕಂಪ್ಯೂಟರ್ ಕ್ಷೇತ್ರದ ಟ್ಯೂರಿಂಗ್ ಪ್ರಶಸ್ತಿಗೆ ಸ್ವಂತ ನಾಮಿನೇಷನ್ ನಡೆಯುವುದೇ ಇಲ್ಲ. ಉದ್ಯಮದ ಪ್ರಶಸ್ತಿಗಳಲ್ಲಿ ಎರಡೂ ರೀತಿ ಇವೆ. ಬೇರೆಯವರು ಹಾಕಬೇಕು ಎಂದಿರುವ ಕಡೆ ನಿಮ್ಮದೇ ಮೇಲ್ ಐಡಿಯಿಂದ ಹಾಕಿದರೆ ಒಳಗೆ ಏನಿದೆ ಅಂತ ಓದುವ ಮೊದಲೇ ಬದಿಗಿಡುತ್ತಾರೆ.

ಯಾವ ವಿಭಾಗ. ಸಾಫ್ಟ್‌ವೇರ್‌ನವರು ಅಂದ ಕೂಡಲೇ "ತಂತ್ರಜ್ಞಾನ" ವಿಭಾಗ ಅಂತ ಅಂದುಕೊಳ್ಳಬೇಡಿ. ಪದ್ಮ ಪಟ್ಟಿಯನ್ನೇ ನೋಡಿ. ನಮ್ಮ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಪರಮ್ ಸೂಪರ್ ಕಂಪ್ಯೂಟರ್ ಕಟ್ಟಿಸಿದ ವಿಜಯ್ ಭಟ್ಕರ್ ಅವರಿಗೆ 2015ರಲ್ಲಿ ಪದ್ಮಭೂಷಣ ಬಂದದ್ದು ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಭಾಗದಲ್ಲಿ. ಗೂಗಲ್‌ನ ಸುಂದರ್ ಪಿಚೈ, ಮೈಕ್ರೋಸಾಫ್ಟ್‌ನ ಸತ್ಯ ನಾಡೆಲ್ಲಾ ಅವರಿಗೆ 2022ರಲ್ಲಿ ಅದೇ ಪದ್ಮಭೂಷಣ ಬಂದದ್ದು ವಾಣಿಜ್ಯ ಮತ್ತು ಉದ್ಯಮ ವಿಭಾಗದಲ್ಲಿ. ಯಂತ್ರ ಕಟ್ಟಿದ ಕೆಲಸಕ್ಕೂ ಕಂಪನಿ ನಡೆಸಿದ ಕೆಲಸಕ್ಕೂ ಜಾಗ ಬೇರೆ. ನಿಮ್ಮ ಪುರಾವೆ ಯಾವ ಕಡೆ ವಾಲುತ್ತದೋ ಆ ವಿಭಾಗಕ್ಕೆ ಹಾಕಿ, ಪದವಿಯ ಹೆಸರು ನೋಡಿ ಹಾಕಬೇಡಿ.

ಯಾವ ಅವಧಿಯ ಕೆಲಸ. "ಕಳೆದ 18 ತಿಂಗಳ ಸಾಧನೆ" ಎಂದಿದ್ದರೆ 2009ರ ಸಾಧನೆ ಎಷ್ಟೇ ದೊಡ್ಡದಾದರೂ ಅಲ್ಲಿ ಲೆಕ್ಕಕ್ಕಿಲ್ಲ. ಅನುಭವ ಜಾಸ್ತಿ ಇರುವವರು ಹೆಚ್ಚಾಗಿ ಎಡವುವುದು ಇಲ್ಲೇ. ಇಡೀ ಜೀವನಚರಿತ್ರೆ ಬರೆದುಬಿಡುತ್ತಾರೆ.

ಕೊನೆಯ ದಿನ. ಹೋದ ವರ್ಷದ ದಿನಾಂಕ ನಂಬಬೇಡಿ. 2025ರ ಪದ್ಮ ಪ್ರಶಸ್ತಿಗೆ ನಾಮಿನೇಷನ್ ತೆರೆದದ್ದು 2024ರ ಮೇ 1ಕ್ಕೆ. ಅದರ ಮುಂದಿನ ಸಲ ಮಾರ್ಚ್ 15ಕ್ಕೇ ತೆರೆಯಿತು. ವಿದೇಶದ ಪ್ರಶಸ್ತಿಯಾದರೆ ಗಂಟೆಯನ್ನೂ ನೋಡಿ. "ಎಒಇ" (ಭೂಮಿಯ ಯಾವುದಾದರೂ ಮೂಲೆಯಲ್ಲಿ ಆ ದಿನ ಉಳಿದಿರುವವರೆಗೆ) ಎಂಬ ಲೆಕ್ಕದಲ್ಲಿ ರಾತ್ರಿ 11:59 ಅಂದರೆ ನಮಗೆ ಮರುದಿನ ಸಂಜೆ 5:29. ಇದು ಗೊತ್ತಿದ್ದರೆ ಗಾಬರಿ ಆಗುವುದಿಲ್ಲ, ಅಷ್ಟೇ. ಅದನ್ನು ನಂಬಿಕೊಂಡು ಕೂರುವುದು ಬೇಡ.

## ಹಂತ 3: ಕಂಪನಿಯಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ

ಇದನ್ನು ಕೊನೆಗಿಟ್ಟವರು ಕೊನೆಯ ವಾರ ಒದ್ದಾಡುತ್ತಾರೆ. ಅರ್ಜಿ ಪೂರ್ತಿ ಸಿದ್ಧ, ಅಷ್ಟರಲ್ಲಿ ಲೀಗಲ್‌ನವರು "ಈ ಮೂರು ಅಂಕಿ ತೆಗೆಯಿರಿ" ಎನ್ನುತ್ತಾರೆ. ಇಡೀ ಅರ್ಜಿ ನಿಂತಿರುವುದೇ ಆ ಮೂರು ಅಂಕಿಗಳ ಮೇಲೆ!

ನಿಮ್ಮ ಕಂಪನಿ ಷೇರುಪೇಟೆಯಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಷೇರು ಬೆಲೆಯ ಮೇಲೆ ಪರಿಣಾಮ ಬೀರುವ, ಇನ್ನೂ ಹೊರಗೆ ಬಾರದ ಮಾಹಿತಿಯನ್ನು ಹೊರಗಿನವರಿಗೆ ಕೊಡುವಂತಿಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮ ಅದನ್ನು ತಡೆಯುತ್ತದೆ. ಪ್ರಕಟವಾಗದ ತ್ರೈಮಾಸಿಕ ಆದಾಯ, ಇನ್ನೂ ಘೋಷಿಸದ ದೊಡ್ಡ ಒಪ್ಪಂದ, ಇವುಗಳನ್ನು ಅರ್ಜಿಯಲ್ಲಿ ಹಾಕಲೇಬೇಡಿ. ವಾರ್ಷಿಕ ವರದಿಯಲ್ಲಿ ಬಂದಿರುವ ಅಂಕಿ ಹಾಕಿ, ಪುಟದ ಸಂಖ್ಯೆ ಕೊಡಿ.

ಗ್ರಾಹಕರ ಹೆಸರಿಗೂ ಹಾಗೆಯೇ ಒಪ್ಪಿಗೆ ಬೇಕು. ಸಿಗದಿದ್ದರೆ "ಮುಂಬೈನ ಒಂದು ದೊಡ್ಡ ಖಾಸಗಿ ಬ್ಯಾಂಕ್" ಎಂದು ಬರೆದರೆ ಸಾಕು, ಪುರಾವೆ ಗಟ್ಟಿ ಇದ್ದರೆ ತೂಕ ಕಡಿಮೆ ಆಗುವುದಿಲ್ಲ. ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ. ಒಂದು ಸಾಲಿನ ಮೇಲ್ ಆದರೂ ಇರಲಿ.

## ಹಂತ 4: ಪುರಾವೆ ಹುಡುಕಿ

ಆರು ವಾರದಲ್ಲಿ ಎರಡು ವಾರ ಇದಕ್ಕೇ ಕೊಡಿ. ಅರ್ಜಿಯ ಜೀವ ಇರುವುದು ಇಲ್ಲೇ.

ಶೀಟ್ ತೆರೆದು ಆರು ಕಾಲಂ ಮಾಡಿ: ನಾವು ಏನು ಹೇಳುತ್ತೇವೆ, ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಯಾವ ಅವಧಿ, ಅಳೆದವರು ಯಾರು, ಕಾಗದ ಎಲ್ಲಿದೆ. ಒಂದು ಸಾಲಿನ ಆರೂ ಕಾಲಂ ತುಂಬಿದರೆ ಮಾತ್ರ ಆ ಸಾಲು ಅರ್ಜಿಗೆ ಹೋಗುತ್ತದೆ. ಐದು ತುಂಬಿ ಒಂದು ಖಾಲಿ ಉಳಿದರೆ ಹುಡುಕುವುದನ್ನು ಮುಂದುವರಿಸಿ.

ಒಂದು ಉದಾಹರಣೆ ಹೇಳುತ್ತೇನೆ. ಧಾರವಾಡದವರೊಬ್ಬರು, ನಾವೆಲ್ಲ ಅಕ್ಕ ಅಂತಲೇ ಕರೆಯುತ್ತೇವೆ, ವಾಕಡ್‌ನಲ್ಲಿ ಇರುತ್ತಾರೆ. ವಾಹನ ಬಿಡಿಭಾಗ ಮಾಡುವ ಒಂದು ಕಂಪನಿಯ ತಂತ್ರಜ್ಞಾನ ವಿಭಾಗದ ಮುಖ್ಯಸ್ಥೆ. ಚಾಕಣ್ ಕಾರ್ಖಾನೆಯ ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಯಾವ ಲಾರಿ ಎಷ್ಟು ಹೊತ್ತಿಗೆ ಬರಬೇಕು ಎಂದು ಮೊದಲೇ ತಿಳಿಸುವ ಒಂದು ವ್ಯವಸ್ಥೆಯನ್ನು ಇವರು ಮಾಡಿಸಿದರು. ಮೊದಲ ವರ್ಷ ಅರ್ಜಿಯಲ್ಲಿ ಬರೆದದ್ದು ಹೀಗೆ: "ಲಾಜಿಸ್ಟಿಕ್ಸ್‌ನಲ್ಲಿ ಕ್ರಾಂತಿಕಾರಿ ಡಿಜಿಟಲ್ ಪರಿವರ್ತನೆ ತಂದಿದ್ದಾರೆ." ಮೊದಲ ಸುತ್ತಿನಲ್ಲೇ ಹೋಯಿತು.

ಎರಡನೇ ವರ್ಷ ಅವರ ಮನೆಯ ಊಟದ ಮೇಜಿನ ಮೇಲೆ ಶೀಟ್ ತೆರೆದು ಕೂತೆವು. "ಈಗ ಎಷ್ಟಿದೆ" ಕಾಲಂಗೆ ಸಾಫ್ಟ್‌ವೇರ್‌ನ ವರದಿ ಇತ್ತು. "ಮೊದಲು ಎಷ್ಟಿತ್ತು" ಕಾಲಂ ಖಾಲಿ. ಸಾಫ್ಟ್‌ವೇರ್ ಬರುವ ಮೊದಲು ಅಳೆದವರು ಯಾರು? ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೇಟಿನ ರಿಜಿಸ್ಟರ್ ಇತ್ತಲ್ಲ" ಅಂದರು.

ಮರುವಾರ ಆ ರಿಜಿಸ್ಟರ್ ತಂದರು. ಕೆಂಪು ಬಟ್ಟೆಯ ರಟ್ಟು, ಹೆಬ್ಬೆರಳು ತಾಗಿ ತಾಗಿ ಕಪ್ಪಾದ ಪುಟದ ಮೂಲೆಗಳು. ವಾಚ್‌ಮನ್ ಕಾಕಾ ನೀಲಿ ಪೆನ್ನಿನಲ್ಲಿ ಮರಾಠಿಯಲ್ಲಿ "ಆತ್", "ಬಾಹೇರ್" ಎಂದು ಎರಡು ಕಾಲಂ ಎಳೆದಿದ್ದರು. ಪ್ರತಿ ಲಾರಿಯ ನಂಬರ್, ಒಳಗೆ ಬಂದ ಗಂಟೆ, ಹೊರಗೆ ಹೋದ ಗಂಟೆ. ಸಾಫ್ಟ್‌ವೇರ್ ಬರುವ ಹಿಂದಿನ ವರ್ಷದ ಅಕ್ಟೋಬರ್ ಪೂರ್ತಿ ಕೂಡಿಸಿದೆವು. ಒಂದು ಲಾರಿಗೆ ಸರಾಸರಿ 3 ಗಂಟೆ 10 ನಿಮಿಷ. ಸಾಫ್ಟ್‌ವೇರ್ ಬಂದ ಮೇಲಿನ ಅಕ್ಟೋಬರ್‌ನಲ್ಲಿ 55 ನಿಮಿಷ. ಆರೂ ಕಾಲಂ ತುಂಬಿತು. ಕಂಪನಿಯ ಒಪ್ಪಿಗೆ ಪಡೆದು, ಚಾಲಕರ ಫೋನ್ ನಂಬರ್‌ಗಳನ್ನು ಮುಚ್ಚಿ, ಎರಡು ಪುಟ ಸ್ಕ್ಯಾನ್ ಮಾಡಿ ಹಾಕಿದೆವು.

ಅಕ್ಟೋಬರ್‌ಗೆ ಅಕ್ಟೋಬರ್ ಅನ್ನೇ ಹೋಲಿಸಿದ್ದನ್ನು ಗಮನಿಸಿ. ದೀಪಾವಳಿ ಮುಂಚಿನ ಗದ್ದಲದ ತಿಂಗಳನ್ನು ಮಳೆಗಾಲದ ಖಾಲಿ ತಿಂಗಳಿನ ಜೊತೆ ಹೋಲಿಸಿದ್ದರೆ ಲೆಕ್ಕ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಆದರೆ ಅದು ಸುಳ್ಳು ಲೆಕ್ಕ. ಕಾರ್ಖಾನೆ ನೋಡಿದ ತೀರ್ಪುಗಾರರು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ನಿಮ್ಮ ಕೆಲಸದಲ್ಲೂ ಇಂಥ ಒಂದು ರಿಜಿಸ್ಟರ್ ಎಲ್ಲೋ ಇರುತ್ತದೆ. ಕಾಲ್ ಸೆಂಟರಿನ ದೂರುಗಳ ಪಟ್ಟಿ, ಹಳೆಯ ಸರ್ವರ್ ಬಿಲ್, ರಾತ್ರಿ ಪಾಳಿಯ ಲಾಗ್, ಶಾಖೆಯ ಟೋಕನ್ ಪುಸ್ತಕ. ಅಂಗಡಿಗೆ ಹೋಗಿ ಹೊಸದು ಕೊಂಡಂತೆ ಪುರಾವೆ ತಯಾರಿಸಬೇಡಿ. ಇರುವುದನ್ನು ಹುಡುಕಿ.

ಇಲ್ಲಿ ಆಗುವ ತಪ್ಪುಗಳು:

- ಬುಡವಿಲ್ಲದ ಶೇಕಡಾ. "ಶೇಕಡಾ 300ರಷ್ಟು ಹೆಚ್ಚಳ" ಎಂದು ಬರೆಯುತ್ತಾರೆ. ಗ್ರಾಹಕರು 2 ಇದ್ದದ್ದು 8 ಆಗಿರುತ್ತದೆ. ಶೇಕಡಾ ಬರೆಯುವುದಾದರೆ ಪಕ್ಕದಲ್ಲೇ ನಿಜವಾದ ಸಂಖ್ಯೆ ಬರೆಯಿರಿ.
- "ಭಾರತದಲ್ಲೇ ಮೊದಲು". ಹುಡುಕಿ ನೋಡದೆ ಈ ಮಾತು ಬೇಡ. ಇದೊಂದು ಸುಳ್ಳಾದರೆ ಉಳಿದ ನಿಜವೂ ಅನುಮಾನಕ್ಕೆ ಬೀಳುತ್ತದೆ.
- ಪೇಟೆಂಟ್ ಗೊಂದಲ. ಅರ್ಜಿ ಹಾಕಿದ್ದು ಬೇರೆ, ಮಂಜೂರಾದದ್ದು ಬೇರೆ. ನಮ್ಮಲ್ಲಿ ಪೇಟೆಂಟ್ ಅರ್ಜಿ ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ. ಪ್ರಕಟವಾದರೆ ಪೇಟೆಂಟ್ ಸಿಕ್ಕಿತು ಅಂತ ಅರ್ಥ ಅಲ್ಲ. ಯಾವ ಹಂತದಲ್ಲಿದೆಯೋ ಅದನ್ನೇ ಬರೆಯಿರಿ.
- ಸರ್ಟಿಫಿಕೇಟ್ ರಾಶಿ. ಎರಡು ದಿನದ ತರಬೇತಿಗೆ ಹೋದ ಹದಿನೆಂಟು ಸರ್ಟಿಫಿಕೇಟ್ ಲಗತ್ತಿಸಿದರೆ ನಿಮ್ಮ ಒಳ್ಳೆಯ ಪುರಾವೆ ಅದರಡಿ ಹೂತುಹೋಗುತ್ತದೆ. ಐದಾರು ಗಟ್ಟಿ ಕಾಗದ ಸಾಕು.

## ಹಂತ 5: "ನಾವು" ಒಳಗಿನ "ನಾನು" ಹುಡುಕಿ

ನಮ್ಮವರಲ್ಲಿ ಒಂದು ಒಳ್ಳೆಯ ಗುಣ ಇದೆ. ಏನು ಕೇಳಿದರೂ "ನಂದೇನಿಲ್ಲ, ಎಲ್ಲಾ ಟೀಮ್ ಮಾಡಿದ್ದು" ಅನ್ನುತ್ತಾರೆ. ಮನೆಯಲ್ಲಿ ಬೆಳೆಸಿದ್ದೇ ಹಾಗೆ, ಅಲ್ವಾ? ಆದರೆ ಪ್ರಶಸ್ತಿ ನಾಯಕತ್ವಕ್ಕೆ. ನಾಯಕರು ಏನು ಮಾಡಿದರು ಎಂದು ತೀರ್ಪುಗಾರರಿಗೆ ಕಾಣದಿದ್ದರೆ ಅವರು ಅಂಕ ಕೊಡುವುದಾದರೂ ಯಾವುದಕ್ಕೆ?

ಹೀಗೆ ಮಾಡಿ. ಅವರನ್ನು ಕೂರಿಸಿ, ಫೋನಿನಲ್ಲಿ ರೆಕಾರ್ಡ್ ಹಚ್ಚಿ, ಇಪ್ಪತ್ತು ನಿಮಿಷ ಕನ್ನಡದಲ್ಲಿ ಮಾತಾಡಿಸಿ. ಕನ್ನಡದಲ್ಲೇ ಮಾತಾಡಿಸಿ ಎಂದು ಒತ್ತಿ ಹೇಳುತ್ತೇನೆ. ಇಂಗ್ಲಿಷ್‌ನಲ್ಲಿ ಕೇಳಿದರೆ ಆಫೀಸಿನ ಪ್ರೆಸೆಂಟೇಷನ್ ಮಾತು ಬರುತ್ತದೆ. ಕನ್ನಡದಲ್ಲಿ ಕೇಳಿದರೆ ನಡೆದದ್ದು ನಡೆದಂತೆ ಬರುತ್ತದೆ.

ಕೇಳಬೇಕಾದ ಪ್ರಶ್ನೆಗಳು ಮೂರೇ. ನೀವು ಆ ದಿನ ಅಲ್ಲಿ ಇರದಿದ್ದರೆ ಯಾವ ನಿರ್ಧಾರ ಬೇರೆಯಾಗುತ್ತಿತ್ತು? ನಿಮ್ಮ ಮಾತಿಗೆ ಬೇಡ ಅಂದವರು ಯಾರು, ಅವರಿಗೆ ಏನು ಹೇಳಿದಿರಿ? ಎಲ್ಲಿ ತಪ್ಪಾಯಿತು, ಆಮೇಲೆ ಏನು ಬದಲಿಸಿದಿರಿ?

ಅಕ್ಕನಿಗೆ ಮೂರನೇ ಪ್ರಶ್ನೆ ಕೇಳಿದಾಗ ಹೊರಬಿದ್ದದ್ದು ಇದು. ಎರಡನೇ ವಾರದಲ್ಲೇ ಕೆಲಸ ಕೆಟ್ಟಿತ್ತು. ಲಾರಿ ಚಾಲಕರಿಗೆ ಇಂಗ್ಲಿಷ್ ಆ್ಯಪ್ ಓದಲು ಬರುತ್ತಿರಲಿಲ್ಲ. ಮೇಲಿನವರು "ತರಬೇತಿ ಕೊಡಿ, ಮುಂದೆ ಹೋಗೋಣ" ಎಂದರು. ಅಕ್ಕ ಒಪ್ಪಲಿಲ್ಲ. ಕೆಲಸ ನಿಲ್ಲಿಸಿ, ಮರಾಠಿ, ಹಿಂದಿ, ಕನ್ನಡದಲ್ಲಿ ಧ್ವನಿ ಸಂದೇಶ ಹಾಕಿಸಿದ ಮೇಲೆಯೇ ಮತ್ತೆ ಶುರು ಮಾಡಿದರು. ಬೆಳಗಾವಿ ಕಡೆಯಿಂದ ಬರುವ ಚಾಲಕರು ಮೊದಲ ಸಲ ತಮ್ಮ ಭಾಷೆಯಲ್ಲಿ "ನಿಮ್ಮ ಸರದಿ ನಾಲ್ಕು ಗಂಟೆಗೆ" ಎಂದು ಕೇಳಿಸಿಕೊಂಡರು. ಈ ನಿರ್ಧಾರ ಮೊದಲ ವರ್ಷದ ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ. "ಅದೇನು ದೊಡ್ಡ ವಿಷಯ?" ಅಂತ ಅವರು ಬಿಟ್ಟಿದ್ದರು. ನನಗಂತೂ ಇಡೀ ಅರ್ಜಿಯಲ್ಲಿ ಅದೇ ದೊಡ್ಡ ವಿಷಯ.

ಕೆಲಸ ನಿಜಕ್ಕೂ ತಂಡದ್ದೇ ಆಗಿದ್ದು, ಒಬ್ಬರನ್ನು ಬೇರೆ ಮಾಡಲು ಆಗದಿದ್ದರೆ ತಂಡದ ವಿಭಾಗ ಇರುವ ಪ್ರಶಸ್ತಿ ಹುಡುಕಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದಲ್ಲೂ ವಿಜ್ಞಾನ ರತ್ನ, ವಿಜ್ಞಾನ ಶ್ರೀ, ವಿಜ್ಞಾನ ಯುವ ಜೊತೆಗೆ ವಿಜ್ಞಾನ ಟೀಮ್ ಎಂಬ ವಿಭಾಗ ಇದೆ.

## ಹಂತ 6: ಬೆಂಬಲ ಪತ್ರಗಳು

ಮೂರು ಪತ್ರ ಬೇಕಾದರೆ ಮೂವರೂ ಒಂದೇ ದಿಕ್ಕಿನವರು ಆಗಬಾರದು. ಒಬ್ಬರು ಮೇಲಿನವರು, ಒಬ್ಬರು ಜೊತೆಗೆ ಕೆಲಸ ಮಾಡಿದವರು, ಒಬ್ಬರು ಆ ಕೆಲಸದಿಂದ ಅನುಕೂಲ ಪಡೆದವರು. ಮೂರನೆಯವರ ಪತ್ರವೇ ಹೆಚ್ಚಿನ ಸಲ ಗೆಲ್ಲಿಸುವುದು. ಅದನ್ನೇ ನಮ್ಮವರು ಕೇಳುವುದಿಲ್ಲ. ದೊಡ್ಡ ಹುದ್ದೆಯವರ ಸಹಿಗೆ ಓಡಾಡುತ್ತಾರೆ. ನಿಮ್ಮ ಕೆಲಸ ಹತ್ತಿರದಿಂದ ನೋಡದ ದೊಡ್ಡವರು "ಪ್ರಾಮಾಣಿಕರು, ಶ್ರಮಜೀವಿ" ಎಂದು ನಾಲ್ಕು ಸಾಲು ಬರೆದು ಕೊಡುತ್ತಾರೆ. ಆ ಪತ್ರ ಯಾರಿಗೆ ಬೇಕಾದರೂ ಹೊಂದುತ್ತದೆ.

ಮೂವರಿಗೂ ಒಂದೇ ಕರಡು ಕಳಿಸಬೇಡಿ. ಮೂರು ಪತ್ರದಲ್ಲೂ ಒಂದೇ ವಾಕ್ಯ ಬಂದರೆ ಬರೆದವರು ಯಾರು ಅಂತ ಗೊತ್ತಾಗಿಬಿಡುತ್ತದೆ. ಬದಲಿಗೆ ಒಬ್ಬೊಬ್ಬರಿಗೆ ಒಂದು ಪುಟದ ಟಿಪ್ಪಣಿ ಕೊಡಿ: "ನೀವು ಈ ಭಾಗ ನೋಡಿದ್ದೀರಿ, ಇದರ ಬಗ್ಗೆ ನಿಮಗೆ ನೆನಪಿರುವುದನ್ನು ಬರೆಯಿರಿ." ಮೂರು ವಾರ ಮೊದಲೇ ಕೇಳಿ. ಫೋನಿನಲ್ಲಿ ಕೇಳಿ, ಆಮೇಲೆ ಮೇಲ್ ಹಾಕಿ. ಗಣಪತಿ ಹಬ್ಬದ ಹತ್ತು ದಿನ ಪುಣೆ, ಮುಂಬೈಯಲ್ಲಿ ಯಾರಿಂದಲೂ ಪತ್ರ ಬರುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ.

ಪತ್ರ ಬಂದ ಕೂಡಲೇ ಲೆಟರ್‌ಹೆಡ್, ದಿನಾಂಕ, ಸಹಿ, ಹುದ್ದೆ, ನಿಮಗೂ ಅವರಿಗೂ ಇರುವ ಸಂಬಂಧ, ಇಷ್ಟನ್ನೂ ನೋಡಿ. ಪತ್ರ ಕೊಟ್ಟವರು ಆ ಪ್ರಶಸ್ತಿಯ ತೀರ್ಪುಗಾರರಲ್ಲಿ ಇಲ್ಲ ಎಂದೂ ಖಚಿತಪಡಿಸಿಕೊಳ್ಳಿ.

ಕನ್ನಡದಲ್ಲೋ ಮರಾಠಿಯಲ್ಲೋ ಪತ್ರ ಬಂದರೆ ಬೇಡ ಅನ್ನಬೇಡಿ. ಮೂಲ ಪತ್ರದ ಜೊತೆ ಇಂಗ್ಲಿಷ್ ಅನುವಾದ ಇಡಿ. ಆದರೆ ಹಳೆಯ "ನುಡಿ" ಅಥವಾ "ಬರಹ" ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಬೇರೆ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಅಕ್ಷರವಾಗುತ್ತದೆ. ಯೂನಿಕೋಡ್‌ಗೆ ಬದಲಿಸಿ, ಪಿಡಿಎಫ್ ಮಾಡಿ, ಬೇರೆಯವರ ಫೋನಿನಲ್ಲಿ ತೆರೆದು ನೋಡಿ.

## ಹಂತ 7: ಈಗ ಬರೆಯಿರಿ

ಮೊದಲು ಒಂದೇ ಒಂದು ವಾಕ್ಯ ಬರೆಯಿರಿ. ಟ್ಯೂರಿಂಗ್ ಪ್ರಶಸ್ತಿಯ ನಾಮಿನೇಷನ್‌ನಲ್ಲಿ ಸಾಧನೆಯನ್ನು 25 ಪದದೊಳಗೆ ಹೇಳಬೇಕು. ಜಗತ್ತಿನ ಅಷ್ಟು ದೊಡ್ಡ ಕೆಲಸಗಳೇ 25 ಪದದಲ್ಲಿ ಹಿಡಿಸುತ್ತವೆ. ನಿಮ್ಮದೂ ಹಿಡಿಸುತ್ತದೆ. ಆ ವಾಕ್ಯ ಸರಿಯಾಗಿ ಬರುವ ತನಕ ಮುಂದಕ್ಕೆ ಹೋಗಬೇಡಿ.

ಆಮೇಲೆ ಮೂರು ಭಾಗ: ತೊಂದರೆ ಏನಿತ್ತು, ಇವರು ಏನು ನಿರ್ಧಾರ ಮಾಡಿದರು, ಏನು ಬದಲಾಯಿತು. ಊರು, ಓದು, ಮೊದಲ ಕೆಲಸ, ಇವೆಲ್ಲ ಕೊನೆಯ ಎರಡು ಸಾಲಿಗೆ. ಪದ್ಮಕ್ಕೆ ವಿವರಣೆ 800 ಪದದೊಳಗೆ ಇರಬೇಕು. ಉದ್ಯಮದ ಪ್ರಶಸ್ತಿಗಳಲ್ಲಿ ಇನ್ನೂ ಕಡಿಮೆ ಜಾಗ ಇರಬಹುದು. ಹುಟ್ಟಿದ ಊರಿನಿಂದ ಶುರು ಮಾಡಿದರೆ ಕೆಲಸಕ್ಕೆ ಬರುವಷ್ಟರಲ್ಲಿ ಜಾಗ ಮುಗಿದಿರುತ್ತದೆ.

ಅಕ್ಕನ ಹಳೆಯ ಸಾಲು ಮೇಲೆ ಓದಿದ್ದೀರಿ. ಹೊಸದು ಹೀಗಿತ್ತು: "ಚಾಕಣ್ ಗೇಟಿನಲ್ಲಿ ಒಂದು ಲಾರಿ ಸರಾಸರಿ 3 ಗಂಟೆ 10 ನಿಮಿಷ ಕಾಯುತ್ತಿತ್ತು. ಚಾಲಕರಿಗೆ ಓದಲು ಬಾರದ ಆ್ಯಪನ್ನು ನಿಲ್ಲಿಸಿ, ಮೂರು ಭಾಷೆಯ ಧ್ವನಿ ಸಂದೇಶ ಬರುವವರೆಗೆ ಯೋಜನೆ ಮುಂದುವರಿಸದಿರಲು ಅವರು ನಿರ್ಧರಿಸಿದರು. ಒಂದು ವರ್ಷದ ನಂತರ ಕಾಯುವ ಹೊತ್ತು 55 ನಿಮಿಷ." ಇದರಲ್ಲಿ ಒಂದೂ ಹೊಗಳಿಕೆಯ ಪದ ಇಲ್ಲ. ಓದಿದವರಿಗೆ ಗೌರವ ತಾನಾಗಿ ಬರುತ್ತದೆ.

"ದೂರದೃಷ್ಟಿಯುಳ್ಳ", "ಕ್ರಾಂತಿಕಾರಿ", "ವಿಶ್ವದರ್ಜೆಯ", ಇಂಥ ಪದ ಕಂಡಲ್ಲೆಲ್ಲ ಅಳಿಸಿ. ಅಳಿಸಿದ ಮೇಲೆ ವಾಕ್ಯದಲ್ಲಿ ಏನೂ ಉಳಿಯದಿದ್ದರೆ ಆ ವಾಕ್ಯವೇ ಬೇಡ. ಎಐ ಹತ್ತಿರ ಪೂರ್ತಿ ಬರೆಸಬೇಡಿ. ಕಾಗುಣಿತ, ವ್ಯಾಕರಣ ತಿದ್ದಿಸಿ, ಸಾಕು. ಒಂದೇ ತರಹದ ನುಣುಪು ಇಂಗ್ಲಿಷ್‌ನ ಅರ್ಜಿಗಳನ್ನು ಸಾಲಾಗಿ ಓದುವವರಿಗೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಮೇಲಾಗಿ ಅದು ಇಲ್ಲದ ಅಂಕಿಯನ್ನು ಇದೆ ಎಂಬಂತೆ ಸೇರಿಸಿಬಿಡಬಹುದು.

ಕೊನೆಗೆ ಐಟಿಗೆ ಸಂಬಂಧವೇ ಇಲ್ಲದ ಒಬ್ಬರ ಮುಂದೆ ಜೋರಾಗಿ ಓದಿ. ನಾನು ನಿವೃತ್ತ ಬ್ಯಾಂಕ್ ಉದ್ಯೋಗಿಯಾದ ನಮ್ಮ ಮಾವನ ಮುಂದೆ ಓದುತ್ತೇನೆ. ಅವರು ಎಲ್ಲಿ "ಹಂಗಂದ್ರ?" ಎಂದು ಕೇಳುತ್ತಾರೋ ಅಲ್ಲಿ ಗೆರೆ ಹಾಕುತ್ತೇನೆ.

## ಹಂತ 8: ಹೆಸರು, ಫೋಟೊ, ಫಾರಂ

ಹೆಸರಿನ ವಿಷಯ ನಮ್ಮವರಿಗೆ ಸದಾ ತಲೆನೋವು. ಇಲ್ಲಿನ ಫಾರಂಗಳಲ್ಲಿ ಮರಾಠಿ ಪದ್ಧತಿಯಂತೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಬಾಕ್ಸ್ ಇರುತ್ತವೆ. ನಮ್ಮಲ್ಲಿ ಎಷ್ಟೋ ಜನರಿಗೆ ಅಡ್ಡಹೆಸರೇ ಇಲ್ಲ, ಎರಡು ಇನಿಷಿಯಲ್ ಇರುತ್ತದೆ. ಒಂದು ಕಡೆ ಊರಿನ ಹೆಸರು ಸೇರಿರುತ್ತದೆ, ಇನ್ನೊಂದು ಕಡೆ ತಂದೆಯ ಹೆಸರು. ಡಿಗ್ರಿ ಸರ್ಟಿಫಿಕೇಟ್‌ನಲ್ಲಿ ಒಂದು, ಪಾನ್ ಕಾರ್ಡ್‌ನಲ್ಲಿ ಇನ್ನೊಂದು, ಬೆಂಬಲ ಪತ್ರದಲ್ಲಿ ಆಫೀಸಿನವರು ಕರೆಯುವ ಮತ್ತೊಂದು. ಮೂರು ಕಾಗದ ನೋಡಿದವರಿಗೆ ಮೂವರು ಮನುಷ್ಯರಂತೆ ಕಾಣುತ್ತದೆ.

ಪಾನ್ ಕಾರ್ಡ್‌ನಲ್ಲಿರುವ ಹೆಸರನ್ನೇ ಎಲ್ಲ ಕಡೆ ಬಳಸಿ. ಪತ್ರ ಕೊಡುವವರಿಗೂ ಅದನ್ನೇ ಕಳಿಸಿ. ಹಳೆಯ ಕಾಗದದಲ್ಲಿ ಬೇರೆ ಇದ್ದರೆ "ಇಬ್ಬರೂ ಒಬ್ಬರೇ" ಎಂದು ಒಂದು ಸಾಲಿನ ಟಿಪ್ಪಣಿ ಲಗತ್ತಿಸಿ. ವೇದಿಕೆಯ ಮೇಲೆ, ಪ್ರಶಸ್ತಿ ಫಲಕದ ಮೇಲೆ ಹೆಸರು ಹೇಗೆ ಬರಬೇಕು ಎಂದು ಕೇಳಿದ್ದರೆ ಅದನ್ನು ಬೇರೆಯಾಗಿಯೇ ಬರೆಯಿರಿ. ಫಲಕದ ಮೇಲೆ ಒಮ್ಮೆ ತಪ್ಪಾಗಿ ಕೆತ್ತಿಸಿದರೆ ಅದು ಮನೆಯ ಶೋಕೇಸಿನಲ್ಲಿ ಹಾಗೇ ಉಳಿಯುತ್ತದೆ.

ಫಾರಂನೊಳಗೆ ನೇರವಾಗಿ ಟೈಪ್ ಮಾಡಬೇಡಿ. ಅರ್ಧ ಗಂಟೆಗೆ ಪುಟ ಬಂದ್ ಆದರೆ ಬರೆದದ್ದೆಲ್ಲ ಹೋಯಿತು. ನೋಟ್‌ಪ್ಯಾಡ್‌ನಲ್ಲಿ ಬರೆದು ಪೇಸ್ಟ್ ಮಾಡಿ. ವರ್ಡ್‌ನಿಂದ ಪೇಸ್ಟ್ ಮಾಡಿದರೆ ಉದ್ಧರಣ ಚಿಹ್ನೆಗಳು ಪ್ರಶ್ನಾರ್ಥಕ ಚಿಹ್ನೆಯಾಗುವುದುಂಟು. ಮಿತಿ ಪದದ್ದೋ ಅಕ್ಷರದ್ದೋ ನೋಡಿ. ಅಕ್ಷರದ ಮಿತಿಯಾದರೆ ಖಾಲಿ ಜಾಗವೂ ಲೆಕ್ಕಕ್ಕೆ ಬರಬಹುದು, ಕೊನೆಯ ವಾಕ್ಯ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಪೇಸ್ಟ್ ಮಾಡಿದ ಮೇಲೆ ಕೊನೆಯ ಸಾಲು ಓದಿ. ಕೊನೆಯ ದಿನಕ್ಕೆ ಮೂರು ದಿನ ಮೊದಲೇ ಕಳಿಸಿ.

## ಹಂತ 9: ಕಳಿಸಿದ ಮೇಲೆ

ಸ್ವೀಕೃತಿ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಕಳಿಸಿದ ಪಿಡಿಎಫ್ ಇನ್ನೊಮ್ಮೆ ಇಳಿಸಿಕೊಂಡು ಎಲ್ಲ ಪುಟ ಇದೆಯೇ ನೋಡಿ. ತೀರ್ಪುಗಾರರಿಗೆ ಫೋನ್ ಮಾಡುವುದು, ಪರಿಚಯದವರಿಂದ ಹೇಳಿಸುವುದು ಬೇಡ. ಅದು ಗೊತ್ತಾದರೆ ಅರ್ಜಿ ಅಲ್ಲಿಗೆ ಮುಗಿಯಿತು.

ಎರಡನೇ ಸುತ್ತಿಗೆ ಕರೆದರೆ ಹೆಚ್ಚಾಗಿ ವಿಡಿಯೊ ಕರೆ ಇರುತ್ತದೆ. ಹೊಸ ಸ್ಲೈಡ್ ಮಾಡಬೇಡಿ. ಅರ್ಜಿಯಲ್ಲಿ ಇರುವ ಪ್ರತಿ ಅಂಕಿಯ ಮೂಲ ಕಾಗದವನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ಅಕ್ಕನಿಗೆ ಕೇಳಿದ ಮೊದಲ ಪ್ರಶ್ನೆಯೇ "ಆ ರಿಜಿಸ್ಟರ್ ಬರೆದವರು ಯಾರು?" ಎಂದು. ಅಕ್ಕ ಕೆಂಪು ರಟ್ಟಿನ ಪುಸ್ತಕ ಎತ್ತಿ ಕ್ಯಾಮೆರಾಗೆ ತೋರಿಸಿ, ವಾಚ್‌ಮನ್ ಕಾಕಾ ಹೆಸರು ಹೇಳಿದರು. ಮಿಕ್ಕ ಹತ್ತು ನಿಮಿಷ ಆ ಗೇಟಿನ ಬಗ್ಗೆಯೇ ಮಾತಾಯಿತು.

ಆ ವರ್ಷ ಅವರು ಅಂತಿಮ ಪಟ್ಟಿಗೆ ಬಂದರು, ಪ್ರಶಸ್ತಿ ಬೇರೆಯವರಿಗೆ ಹೋಯಿತು. ಮರುದಿನವೇ ಸಂಘಟಕರಿಗೆ ಎರಡು ಸಾಲಿನ ಮೇಲ್ ಹಾಕಿ, ಎಲ್ಲಿ ಅಂಕ ಕಡಿಮೆಯಾಯಿತು ಎಂದು ಕೇಳಿದೆವು. ಕೆಲಸ ಒಂದೇ ಕಾರ್ಖಾನೆಯಲ್ಲಿ ಆಗಿದೆ, ಬೇರೆ ಕಡೆ ಹರಡಿದ್ದು ಕಾಣಲಿಲ್ಲ ಎಂಬ ಉತ್ತರ ಬಂತು. ನೀವೂ ಹೀಗೆ ಕೇಳಿ. ಎಲ್ಲರೂ ಉತ್ತರ ಕೊಡುವುದಿಲ್ಲ, ಕೊಟ್ಟರೆ ಅದನ್ನು ಶೀಟಿನ ಮೇಲ್ಭಾಗದಲ್ಲೇ ಬರೆದಿಡಿ. ಅಕ್ಕನ ಶೀಟಿನಲ್ಲಿ ಈಗ ಏಳನೇ ಕಾಲಂ ಇದೆ: "ಇನ್ನೆಲ್ಲಿ ಆಗಿದೆ?" ಅದರ ಕೆಳಗೆ ಎರಡನೇ ಕಾರ್ಖಾನೆಯ ಹೆಸರು ಬಂದಿದೆ. ಅಲ್ಲಿ ಸಾಫ್ಟ್‌ವೇರ್ ಹಾಕುವ ಮೊದಲೇ ಹಳೆಯ ಗೇಟ್ ರಿಜಿಸ್ಟರ್ ಸ್ಕ್ಯಾನ್ ಮಾಡಿಸಿ ಇಟ್ಟಿದ್ದಾರೆ.